ಅಳಿಯಂದಿರು ಕೊಟ್ಟ ಮಾತನ್ನು ಹಿಂದಿರುಗಿಸುವ ಬಗ್ಗೆ

೧. ಅರ್ಜಿದಾರ: ಜೌಗು ಉಳಿಸಿ ಬಳಗದ ಅಧ್ಯಕ್ಷ, ವಯಸ್ಸು ಎಪ್ಪತ್ತೆಂಟು, ತಮ್ಮ ಪತ್ನಿಯ ತಂದೆ.
೨. ಎದುರುದಾರರು: ತಾವು, ಅಂದರೆ ಪಕ್ಷದ ಪ್ರಣಾಳಿಕೆ ಸಮಿತಿಯ ಸಂಚಾಲಕರು.
೩. ವಿಷಯ: ಮೊನ್ನೆ ನಮ್ಮ ಮನೆಯಲ್ಲಿ ತಾವು ಕೊಟ್ಟ ಮಾತು.

ಮಾನ್ಯ ಅಳಿಯಂದಿರಿಗೆ,

ಆಶೀರ್ವಾದಪೂರ್ವಕ ಅರಿಕೆ ಏನೆಂದರೆ, ಬಸ್ ನಿಲ್ದಾಣದ ಹಿಂದಿನ ಜೌಗನ್ನು ಮಣ್ಣು ತುಂಬಿ ಮುಚ್ಚಕೂಡದೆಂದು ಚುನಾವಣೆಗೆ ಮೊದಲೇ ಎಲ್ಲ ಪಕ್ಷಗಳಿಂದ ಮಾತು ಪಡೆಯಲು ನಮ್ಮ ಬಳಗ ಓಡಾಡುತ್ತಿರುವುದು ತಮಗೆ ತಿಳಿದೇ ಇದೆ. ಮಳೆನೀರು ನಿಲ್ಲುವುದಕ್ಕೂ ನೀರುಕೋಳಿ ಮರಿ ಮಾಡುವುದಕ್ಕೂ ಊರಿನಲ್ಲಿ ಉಳಿದಿರುವುದು ಅದೊಂದೇ ಜಾಗ. ಮೊನ್ನೆ ನಾನು ವಿಷಯ ಎತ್ತುತ್ತಿದ್ದಂತೆಯೇ ತಾವು, "ಆಯ್ತು ಮಾವ, ನೀವು ಹೇಳಿದ್ಮೇಲೆ ಮುಗೀತು. ಪ್ರಣಾಳಿಕೆಗೆ ಸೇರಿಸ್ತೀನಿ" ಎಂದಿರಿ. ನನಗೆ ಹಿಗ್ಗೋ ಹಿಗ್ಗು. ತಾವು ಗೇಟು ದಾಟಿದೊಡನೆ ತಮ್ಮ ಅತ್ತೆಯವರು ನಕ್ಕುಬಿಟ್ಟರು.

"ಅದು ಜೌಗಿಗೆ ಕೊಟ್ಟ ಮಾತಲ್ಲ ರೀ, ಮಾವನಿಗೆ ಕೊಟ್ಟ ಮರ್ಯಾದೆ. ವೋಟು ಮುಗಿದ್ಮೇಲೆ ಮರ್ಯಾದೆ ಉಳಿಯುತ್ತೆ, ಜೌಗು ಉಳಿಯಲ್ಲ."

ಯೋಚಿಸಿ ನೋಡಿದೆ; ಅವರ ಮಾತು ನ್ಯಾಯವಾಗಿದೆ. ಆದಕಾರಣ ತಮ್ಮ ಮಾತನ್ನು ಈ ಮೂಲಕ ಗೌರವದಿಂದ ಹಿಂದಿರುಗಿಸಿದ್ದೇನೆ. ಭಾನುವಾರ ಗ್ರಂಥಾಲಯದ ಸಭಾಂಗಣದಲ್ಲಿ ನಮ್ಮ ಬಳಗ ಕರೆದಿರುವ ಸಭೆಯಲ್ಲಿ, ಉಳಿದ ಪಕ್ಷದವರ ಪಕ್ಕದಲ್ಲೇ ಕುಳಿತು, ಹೌದೆಂದಾಗಲಿ ಇಲ್ಲವೆಂದಾಗಲಿ ಊರವರೆದುರು ಹೇಳಬೇಕಾಗಿ ಕೋರಿಕೆ. ಮುಖದಾಕ್ಷಿಣ್ಯ ಬೇಡ. ಇಲ್ಲವೆಂದರೆ ನಾನು ಮರುಪ್ರಶ್ನೆ ಕೇಳದೆ ಬಿಡುವವನಲ್ಲ. ಉತ್ತರ ಯಾವುದಾದರೂ ಸಭೆಯ ನಂತರ ಊಟ ಮಾತ್ರ ನಮ್ಮಲ್ಲೇ, ಮಗಳನ್ನೂ ಕರೆತರುವುದು.

ಇಂತಿ,
(ಸಹಿ)
ಅಧ್ಯಕ್ಷ, ಜೌಗು ಉಳಿಸಿ ಬಳಗ

ಲಗತ್ತು: ಸಭೆಯಲ್ಲಿ ಕೇಳಲಿರುವ ಪ್ರಶ್ನೆಗಳ ಪ್ರತಿ ಒಂದು. ಉಳಿದ ಪಕ್ಷಗಳಿಗೆ ಕಳುಹಿಸಿದ್ದೂ ಇದೇ, ಒಂದಕ್ಷರವೂ ಬೇರೆಯಿಲ್ಲ.