ಅಮ್ಮನ ಮಿಷನ್ ಸದ್ದು

ಮಾರ್ಚ್ 11, ಮಂಗಳವಾರ

ಗಣಿತದ ಪರೀಕ್ಷೆಗೆ ಇನ್ನು ಮೂರೇ ದಿನ. ಇವತ್ತು ಓದಿದ್ದು ಎರಡು ಪುಟ, ಫೋನಿನಲ್ಲಿ ಆಡಿದ್ದು ಮೂರು ಗಂಟೆ. ಯಾರಿಗೂ ತೋರಿಸದ ಈ ಪುಸ್ತಕದಲ್ಲಾದರೂ ನಿಜ ಬರೆಯೋಣ.

ಸಂಜೆ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದೆ. ಇನ್ನೇನು ಗೆದ್ದೆ ಅನ್ನುವಾಗ ಆಟದಲ್ಲಿ ಸತ್ತೆ. ಸಿಟ್ಟು ನೆತ್ತಿಗೇರಿತು. ನೀರು ಕುಡಿಯಲು ಹೊರಗೆ ಬಂದರೆ ಅಮ್ಮ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ಕಾಲು ಪೆಡಲ್ ಮೇಲೆ ಇರಲಿಲ್ಲ. ಚಕ್ರವನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸುತ್ತ ಒಂದೊಂದೇ ಹೊಲಿಗೆ ಹಾಕುತ್ತಿದ್ದಳು. ಪಕ್ಕದಲ್ಲಿ ನಾಳೆ ಕೊಡಬೇಕಾದ ಶಾಲೆಯ ಸಮವಸ್ತ್ರಗಳ ರಾಶಿ.

"ಸದ್ದು ಕೇಳಿಸ್ತೇನೋ? ಓದೋಕೆ ತೊಂದ್ರೆ ಆಯ್ತಾ?" ಅಂದಳು.

ಮಿಷನ್ ಗಡಗಡ ಓಡಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಆದರೆ ಗಂಟು ಹಾಕಿಕೊಂಡ ಮುಖಕ್ಕೆ ಒಂದು ಕಾರಣ ಬೇಕಿತ್ತು.

"ಸ್ವಲ್ಪ" ಅಂದುಬಿಟ್ಟೆ.

ಅಮ್ಮ ಮಿಷನ್‌ಗೆ ಬಟ್ಟೆ ಹೊದಿಸಿ, ಸೂಜಿ ದಾರ ತೆಗೆದುಕೊಂಡಳು.

ಆಮೇಲೆ ಫೋನ್ ಬೀರುವಿನ ಮೇಲೆ ಎಸೆದು ಪುಸ್ತಕ ಹಿಡಿದೆ. ಒಂದಕ್ಷರ ತಲೆಗೆ ಹೋಗಲಿಲ್ಲ. ಇಷ್ಟೊಂದು ನಿಶ್ಶಬ್ದದಲ್ಲಿ ಹೇಗೆ ಓದುವುದು?

ಹಾಲ್‌ನಲ್ಲಿ ಇನ್ನೂ ದೀಪ ಉರಿಯುತ್ತಿದೆ. ರಾಶಿ ಅರ್ಧವೂ ಕರಗಿಲ್ಲ. ಹೋಗಿ, "ಮಿಷನ್ ಓಡಿಸಮ್ಮ, ನಂಗೇನೂ ಕೇಳ್ಸಲ್ಲ" ಅನ್ನಬೇಕು. ಅಂದರೆ, ಹಾಗಾದ್ರೆ ಸಂಜೆ ಏನು ಕೇಳಿಸ್ತು ಅಂತ ಅಮ್ಮ ಕೇಳಿಯೇ ಕೇಳುತ್ತಾಳೆ. ಅದಕ್ಕೇ ಇನ್ನೂ ಇಲ್ಲೇ ಕೂತಿದ್ದೇನೆ.