ಲೋಭದ ಕೈ

ನವೆಂಬರ್ ೧೪, ಗುರುವಾರ

ಇಷ್ಟು ದಿನ ಮುಚ್ಚಿಟ್ಟಿದ್ದನ್ನು ಬರೆದುಬಿಡುತ್ತೇನೆ. ಔದಾರ್ಯ, ಲೋಭ ಎಂಬ ನನ್ನ ಗೇಣೆತ್ತರದ ಜೋಡಿ ಮಣ್ಣಿನ ಗೊಂಬೆಗಳಲ್ಲಿ, ಕೊಡಲು ಕೈ ಚಾಚಿದ ಔದಾರ್ಯಕ್ಕೆ ನನ್ನದೇ ಕೈ ನೋಡಿ ಮಾಡಿದ್ದೆ. ಗಡಿಗೆ ಅವುಚಿಕೊಂಡ ಲೋಭಕ್ಕೆ, ನನ್ನನ್ನು ಸಾಕಿದ ಚಿಕ್ಕಮ್ಮನ ಎಡಗೈ. ಬಟ್ಟೆ ಹೊಲಿದು ಹೊಲಿದು ಮುದುಡಿಹೋದ ಬೆರಳುಗಳು. ಗೊತ್ತಿಲ್ಲದೆ ಆಯಿತು ಎಂದರೆ ಸುಳ್ಳು. ನಾನು ಸ್ಕೂಲು ಅರ್ಧಕ್ಕೇ ಬಿಟ್ಟಾಗ ಬೈದಿದ್ದಳಲ್ಲ, ಆ ಸಿಟ್ಟಿಗೆ ಬೇಕೆಂದೇ ಮಾಡಿದೆ. ಆ ಜೋಡಿ ನೋಡಿಯೇ ಪಟ್ಟಣದ ಗೊಂಬೆ ಕಾರ್ಖಾನೆಯವರು ನನಗೆ ಕೆಲಸ ಕೊಟ್ಟಿದ್ದು.

ಇವತ್ತು ಚಿಕ್ಕಮ್ಮ ಖುಷಿಯಿಂದ, ನಾನು ಕೆಲಸ ಮಾಡುವ ಊರಿನ ಕುಂಬಾರಿಕೆ ಶೆಡ್ಡಿಗೆ ಗೊಂಬೆ ನೋಡಲು ಬಂದಳು. ಲೋಭವನ್ನು ಎತ್ತಿ ತಿರುಗಿಸಿದಳು.

“ಈ ಕೈ ನಂದಲ್ವೇನೋ?”

ಹೂಂ ಅಂದೆ.

“ಮತ್ತೆ ಆ ಕೊಡೋ ಕೈ ಯಾರ್ದು?”

“ನಂದು.”

“ಅಯ್ಯೋ ನನ್ನ ದಾನಶೂರ! ಆ ಕೈಯಲ್ಲಿ ಯಾವತ್ತಾದ್ರೂ ಒಂದು ಲೋಟ ನೀರು ಕೊಟ್ಟಿದ್ಯೇನೋ ನಂಗೆ?”

ಕೆಲಸದವರೆಲ್ಲ ನಕ್ಕರು. ಅವಳೂ ನಕ್ಕಳು. ಸುಟ್ಟ ಮಣ್ಣು, ಇನ್ನು ತಿದ್ದಲಾಗದು.

ರಾತ್ರಿ ಬಡಿಸುವಾಗ ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡಿದ್ದಳು. ಪಾತ್ರೆ ಜಾರಿದರೂ ಮುಂದೆ ತರಲಿಲ್ಲ. ತಪ್ಪಾಯ್ತು ಅನ್ನಲು ಬಾಯಿ ತೆರೆದೆ.

“ಇನ್ನೊಂಚೂರು ಹಾಕ್ಲಾ?” ಅಂದಳು.

ತಟ್ಟೆ ಚಾಚಿದೆ. ಅಷ್ಟೇ ನನ್ನ ಕೈಲಾಗಿದ್ದು.

ಈಗ ಪಕ್ಕದ ಕೋಣೆಯಲ್ಲಿ ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಾಳೆ. ಹೋಗಿ ಹೇಳಬೇಕು, ಏನಂತ ಅಂದರೆ… ಬೆಳಿಗ್ಗೆ ಮೊದಲ ಬಸ್ಸಿಗೆ ಪಟ್ಟಣದ ಕೆಲಸಕ್ಕೆ ಹೊರಡುತ್ತೇನೆ.