ಮಡಚದ ಮಂಡಿ

ಕಿರಂಗೂರು
೧೯ ಜನವರಿ ೨೦೨೫, ಭಾನುವಾರ

ಅಣ್ಣನ ಮೇಲೆ ಮುನಿಸಿಕೊಂಡಿರುವ ನನ್ನ ತಂಗಿ ರಮ್ಯಾ,

ಹೇಗಿದ್ದೀಯವ್ವಾ? ಭಾವ ಆರೋಗ್ಯವಾಗಿದ್ದಾರಾ? ನಿಮ್ಮತ್ತೆ ದ್ಯಾವಮ್ಮನವರ ಕೆಮ್ಮು ಇಳಿಯಿತಾ? ಮೇಘನಳಿಗೆ ಎರಡು ಹಲ್ಲು ಬಂದಿವೆ ಎಂದು ನಮ್ಮ ಚಿಕ್ಕಪ್ಪನ ಮಗ ಹೊನ್ನಪ್ಪ ಹೇಳಿದ. ನಿನ್ನ ಮಗಳ ಹಲ್ಲಿನ ಸುದ್ದಿಯನ್ನು ನಾನು ಇನ್ನೊಬ್ಬರ ಬಾಯಲ್ಲಿ ಕೇಳಬೇಕಾಯಿತಲ್ಲ, ನನ್ನ ಹಣೆಬರಹ! ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಈ ಕಾಗದವನ್ನಾದರೂ ಹರಿಯದೆ ಓದು.

ಕಾರ್ತಿಕದಲ್ಲಿ ಮಗುವಿಗೆ ಕಿವಿ ಚುಚ್ಚಿಸಿದ ದಿನ, ಸೋದರಮಾವ ಕೂರಬೇಕಾದ ಹಲಗೆಯನ್ನು ಖಾಲಿ ಬಿಟ್ಟೆ. ಭತ್ತ ಕೊಯ್ಯಲು ಮೆಷಿನ್ನು ಬಂದಿದೆ ಎಂದು ಹೊನ್ನಪ್ಪನಿಗೆ ಫೋನಿನಲ್ಲಿ ಸುಳ್ಳು ಹೇಳಿದೆ. ನೀನು ನಿಮ್ಮತ್ತಿಗೆಯನ್ನು ವಿಚಾರಿಸಿದೆ. ಆ ಪುಣ್ಯಾತ್ಗಿತ್ತಿ ಪೈರು ಇನ್ನೂ ಹಸಿರಾಗಿದೆ ಎಂದುಬಿಟ್ಟಳು. ಕೊನೆಗೆ ಹೊನ್ನಪ್ಪನೇ ಮಗುವನ್ನು ತೊಡೆ ಮೇಲೆ ಹಾಕಿಕೊಂಡನಂತೆ. “ಹೆಣ್ಮಗ ಅಂತ ತಾನೆ ನಮ್ಮಣ್ಣ ಅಸಡ್ಡೆ ಮಾಡ್ಬುಟ್ಟಿದ್ದು” ಎಂದು ನೀನು ಎಲ್ಲರ ಮುಂದೆ ಕಣ್ಣೀರು ಹಾಕಿದೆಯಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಈ ಮಾತನ್ನು ತಡೆಯಲಾಗುತ್ತಿಲ್ಲ. ಅಪ್ಪ ಹೋದ ಮೇಲೆ ನಿನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಹೆಣ್ಣು ಎಂದು ಮೂಗು ಮುರಿಯುತ್ತೇನಾ ಅಮ್ಮಿ?

ನಿಜ ಏನೆಂದರೆ ನನ್ನ ಬಲಗಾಲಿನ ಮಂಡಿ ಮಡಚುವುದಿಲ್ಲ. ನಾಟಿ ಹೊತ್ತಿನಲ್ಲಿ ಮಂಡಿಯುದ್ದ ಕೆಸರಿಗೆ ಇಳಿದವನು ಬದು ಹತ್ತಲಾರದೆ ನಿಂತಿದ್ದೆ, ಆವತ್ತಿನಿಂದ ಹೀಗೆ. ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಎರಡು ಮಂಡಿಗಳ ನಡುವೆ ಬಕೆಟ್ಟು ಹಿಡಿದು ಹಾಲು ಕರೆಯುತ್ತಿದ್ದೆನಲ್ಲ, ಅದೂ ಹೋಯಿತು. ಈಗ ಕರೆಯುವವಳು ನಿಮ್ಮತ್ತಿಗೆ, ಡೇರಿಗೆ ಕ್ಯಾನು ಒಯ್ಯುವವನು ನಾನು. ನೆಲದ ಪಂಕ್ತಿಯಲ್ಲಿ ಕೂರಿಸಿಬಿಟ್ಟಾರು ಎಂದು ಯಾರ ಮನೆ ಊಟಕ್ಕೂ ಹೋಗುವುದಿಲ್ಲ. ನಲವತ್ತೆಂಟಕ್ಕೇ ಮಂಡಿ ಹೋಯಿತು ಎಂದು ನಿನ್ನ ಗಂಡನ ಮನೆಯವರ ಎದುರು ಯಾವ ಬಾಯಲ್ಲಿ ಹೇಳಲಿ? ಹಲಗೆ ಮೇಲೆ ಚಕ್ಕಂಬಕ್ಕಲ ಹಾಕಲು ಹೋಗಿ ಮಗುವನ್ನು ಕೆಡವಿಬಿಟ್ಟರೆ ಎಂಬ ಭಯವೂ ಇತ್ತು. ಜಂಬವೂ ಇತ್ತು ಬಿಡು, ಇನ್ನೇಕೆ ಸುಳ್ಳು. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗಾಗಿದೆ ನನ್ನ ಪಾಡು.

ನಿನಗೆ ಕಿವಿ ಚುಚ್ಚಿಸಿದ್ದು ನಿನಗೆ ನೆನಪಿರಲಿಕ್ಕಿಲ್ಲ. ಆಗ ನಿನಗೆ ಮೂರು ವರ್ಷ. ನಮ್ಮ ತಮ್ಮಯ್ಯ ಮಾವನ ತೊಡೆ ಮೇಲಿದ್ದವಳು ನೋವಿಗೆ ಬಗ್ಗಿ ಅವರ ಮಂಡಿಯನ್ನೇ ಕಚ್ಚಿಬಿಟ್ಟೆ, ರಾಕ್ಷಸಿ! ಸಾಯುವತನಕ ಮಾವ ಪಂಚೆ ಎತ್ತಿ ಆ ಕಲೆಯನ್ನು ತೋರಿಸುತ್ತಿದ್ದರು, “ನೋಡ್ಲಾ, ನಮ್ ಸೊಸೆ ಒತ್ತಿರೋ ಮೊಹರು ಕಣ್ಲಾ” ಅಂತ. ಅಂಥ ಪುಣ್ಯ ನನಗೂ ಬರುವುದಿತ್ತು. ಕೈಯಾರೆ ಕಳೆದುಕೊಂಡೆ.

ನಿಮ್ಮತ್ತೆಗೆ ನನ್ನ ನಮಸ್ಕಾರ, ಮಗುವಿಗೆ ಮುತ್ತು. ನನ್ನನ್ನು ಬೈದುಕೊಂಡಾದರೂ ಸರಿ, ನೀನು ತಣ್ಣಗಿರವ್ವಾ.

ನಿನ್ನಣ್ಣ
ತಿಮ್ಮರಾಜು

ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ: ಆವತ್ತು ನಾನು ನಿಮ್ಮತ್ತಿಗೆಗೂ ಹೇಳದೆ ನಿಮ್ಮೂರ ದಾರಿಯ ಕಿಕ್ಕೇರಿತನಕ ಬಂದಿದ್ದೆ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಒಂದು ಸಲ ಚಕ್ಕಂಬಕ್ಕಲ ಹಾಕಿ ನೋಡೋಣ ಎಂದು ಕೂತವನನ್ನು ಇಬ್ಬರು ಹಿಡಿದು ಎತ್ತಬೇಕಾಯಿತು. “ಈ ವಯಸ್ಗೇ ಇಂಗಾದ್ರೆ ಎಂಗಣ್ಣಾ?” ಅಂದರು. ನಾಚಿಕೆಯಾಗಿ ವಾಪಸ್ಸು ಬಸ್ಸು ಹತ್ತಿದೆ. ಹೊನ್ನಪ್ಪನಿಗೆ ಸುಳ್ಳು ಹೇಳಿದ್ದು ಆ ಬಸ್ಸಿನಿಂದಲೇ. ಮಗುವಿಗೆ ತಂದಿದ್ದ ಓಲೆ ಇನ್ನೂ ನನ್ನ ಹತ್ತಿರವೇ ಇದೆ. ಯುಗಾದಿ ಕಳೆದ ಮೇಲೆ ಕರಿಘಟ್ಟದಲ್ಲಿ ಅವಳ ಮುಡಿ ತೆಗೆಸುತ್ತೀರಂತೆ. ಕ್ಷೌರದ ಕುಳ್ಳಯ್ಯನನ್ನು ಕೇಳಿದೆ. “ಮಾವ ಕುರ್ಚಿ ಮ್ಯಾಲೆ ಕುಂತ್ಕಂಡ್ರೆ ಕೂದ್ಲು ಬರಾಕಿಲ್ವಾ? ಬನ್ನಿ ಬುಡಿ” ಅಂದ. ಕುರ್ಚಿಯನ್ನು ನಾನೇ ತರುತ್ತೇನೆ. ಮಗುವನ್ನು ನನ್ನ ತೊಡೆಗೆ ಕೊಡುತ್ತೀಯಾ? ಹಲ್ಲು ಬಂದಿವೆಯಲ್ಲ, ಕಚ್ಚಿದರೆ ಕಚ್ಚಲಿ.